ರೇಜರ್ ಎಲ್ಲಿಡಬೇಕು, ಹೇಗಿಡಬೇಕು? ತುಕ್ಕು ತಡೆಯುವ ದಾರಿಗಳ ಹೋಲಿಕೆ

ಬ್ಲೇಡು ಬೇಗ ಹಾಳಾಯಿತು ಎನ್ನುವಾಗ ನಾವು ಎರಡು ಬೇರೆ ಬೇರೆ ತೊಂದರೆಗಳನ್ನು ಒಟ್ಟಿಗೆ ಹೇಳುತ್ತಿರುತ್ತೇವೆ. ಒಂದು ತುಕ್ಕು. ಇನ್ನೊಂದು ಅಲಗು ಮೊಂಡಾಗುವುದು. ತುಕ್ಕು ಹಿಡಿಯುವುದು ರೇಜರ್ ಸುಮ್ಮನೆ ಕೂತಿರುವಾಗ. ಮೊಂಡಾಗುವುದು ಹೆಚ್ಚಾಗಿ ಶೇವ್ ಮಾಡುವಾಗ. ಇಡುವ ಜಾಗ, ಇಡುವ ರೀತಿ ಸರಿಪಡಿಸಿದರೆ ಮೊದಲನೆಯದು ಬಹುತೇಕ ನಿಂತೇಹೋಗುತ್ತದೆ. ಎರಡನೆಯದು ಸ್ವಲ್ಪ ಮಾತ್ರ ತಗ್ಗುತ್ತದೆ.

ಸ್ಟ್ಯಾಂಡು, ಎಣ್ಣೆ, ಸ್ಪಿರಿಟ್, ತೇವ ಹೀರುವ ಸಿಲಿಕಾ ಜೆಲ್ ಹರಳು, ಜೀನ್ಸ್ ಬಟ್ಟೆಗೆ ಉಜ್ಜುವುದು, ಹೀಗೆ ಸಲಹೆಗಳಿಗೆ ಬರವಿಲ್ಲ. ಆದರೆ ಎಲ್ಲವೂ ಎಲ್ಲ ರೇಜರಿಗೂ ಹೊಂದುವುದಿಲ್ಲ. ಕೆಲವು ಹಳೇ ಕಾಲದ ಬ್ಲೇಡಿಗೆ ಸರಿಯಾಗಿದ್ದವು, ಇವತ್ತಿನದಕ್ಕೆ ಬೇಕಿಲ್ಲ. ಇನ್ನು ಕೆಲವನ್ನು ತಪ್ಪಾಗಿ ಮಾಡಿದರೆ, ಏನೂ ಮಾಡದೆ ಬಿಡುವುದಕ್ಕಿಂತ ಕೆಟ್ಟದಾಗುತ್ತದೆ. ಪಕ್ಕಪಕ್ಕ ಇಟ್ಟು ನೋಡೋಣ.

ಸ್ಟೇನ್‌ಲೆಸ್ ಬ್ಲೇಡಿಗೂ ತುಕ್ಕು ಯಾಕೆ?

ಇವತ್ತಿನ ಬಹುತೇಕ ಬ್ಲೇಡುಗಳು ಸ್ಟೇನ್‌ಲೆಸ್ ಸ್ಟೀಲಿನವು. ಆದರೂ ಅವುಗಳಿಗೆ ತುಕ್ಕು ಹಿಡಿಯುತ್ತದೆ, ಪಾತ್ರೆಯ ಸ್ಟೀಲಿಗೆ ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ. ಕಾರಣ ಎರಡರ ಮಿಶ್ರಣ ಬೇರೆ ಬೇರೆ. ಒಳ್ಳೆಯ ಪಾತ್ರೆಯ ಸ್ಟೀಲಿನಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕೆಲ್ ಇರುತ್ತದೆ. ಬ್ಲೇಡಿನ ಸ್ಟೀಲಿನಲ್ಲಿ ಕ್ರೋಮಿಯಂ ಸುಮಾರು 13 ಭಾಗ. ಅಲಗು ಗಟ್ಟಿಯಾಗಿರಬೇಕು, ಅದಕ್ಕೆ ಕಾರ್ಬನ್ ಜಾಸ್ತಿ ಬೇಕು. ಆ ಕಾರ್ಬನ್ನು ಕ್ರೋಮಿಯಂನ ಒಂದಿಷ್ಟು ಪಾಲನ್ನು ತನ್ನ ಜೊತೆ ಕಟ್ಟಿಕೊಂಡುಬಿಡುತ್ತದೆ. ತುಕ್ಕಿನಿಂದ ಕಾಯಲು ಉಳಿಯುವ ಕ್ರೋಮಿಯಂ ಇನ್ನೂ ಕಡಿಮೆ.

ಕ್ರೋಮಿಯಂ ಕಾಯುವುದು ಹೀಗೆ: ಗಾಳಿಯ ಆಮ್ಲಜನಕದ ಜೊತೆ ಸೇರಿ ಅದು ಸ್ಟೀಲಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕಟ್ಟುತ್ತದೆ. ಗೀಚಿದರೂ ಆ ಪದರ ಮತ್ತೆ ತಾನೇ ಕೂಡಿಕೊಳ್ಳುತ್ತದೆ. ಆದರೆ ಅದನ್ನು ಒಡೆಯುವ ವಸ್ತು ಒಂದಿದೆ, ಉಪ್ಪಿನಂಶ. ನಲ್ಲಿ ನೀರಿನಲ್ಲಿ ಕ್ಲೋರೈಡ್ ಇರುತ್ತದೆ, ಬೆವರಿನಲ್ಲಂತೂ ಇದ್ದೇ ಇರುತ್ತದೆ. ಅಲಗಿನ ಮೇಲೆ ನಿಂತ ಒಂದು ಹನಿ ಆರುತ್ತಾ ಬಂದಹಾಗೆ ಅದರೊಳಗಿನ ಉಪ್ಪು ಗಾಢವಾಗುತ್ತದೆ. ಕಡೆಯ ಹಂತದಲ್ಲಿ ಅದು ಬರೀ ನೀರಾಗಿರದೆ ಉಪ್ಪುನೀರಿನ ಚುಕ್ಕೆಯಾಗಿರುತ್ತದೆ. ಅಲ್ಲೇ ಸಣ್ಣ ಗುಳಿ ಬೀಳುತ್ತದೆ.

ಎರಡು ಬ್ಲೇಡುಗಳ ನಡುವಿನ ಸಂದಿಯಲ್ಲಿ ಇದು ಇನ್ನೂ ಜೋರು. ಸಂದಿಯಲ್ಲಿ ಸಿಕ್ಕ ನೀರಿಗೆ ಗಾಳಿಯಾಡುವುದಿಲ್ಲ. ಗಾಳಿ ಇಲ್ಲದಿದ್ದರೆ ಕಾಯುವ ಪದರ ಮತ್ತೆ ಕೂಡಿಕೊಳ್ಳುವುದೂ ಇಲ್ಲ. ನೊರೆ ಮತ್ತು ಕೂದಲಿನ ಚೂರು ಸೇರಿದ ಗಸಿ ಅಲ್ಲಿ ತೇವ ಹಿಡಿದಿಟ್ಟುಕೊಂಡರೆ ಕೆಲಸ ಕೆಟ್ಟಿತು. ಐದು ಬ್ಲೇಡಿನ ಕಾರ್ಟ್ರಿಡ್ಜು (ಬ್ಲೇಡುಗಳು ಕೂತಿರುವ, ಬದಲಿಸಬಹುದಾದ ಪ್ಲಾಸ್ಟಿಕ್ ತಲೆ) ಒಂದೇ ಬ್ಲೇಡಿನ ರೇಜರಿಗಿಂತ ನಿಧಾನವಾಗಿ ಒಣಗುವುದು ಇದೇ ಕಾರಣಕ್ಕೆ.

ಅಲಗಿನ ತುದಿ ಎಷ್ಟು ತೆಳು ಅಂದರೆ, ಒಂದು ಕೂದಲಿನ ದಪ್ಪದ ಸುಮಾರು ಸಾವಿರದಲ್ಲಿ ಒಂದು ಭಾಗ. ಬ್ಲೇಡಿನ ಬೆನ್ನಿನ ಮೇಲೆ ಬಿದ್ದ ಕಂದು ಚುಕ್ಕೆಯಿಂದ ಶೇವಿಗೆ ಏನೂ ಆಗದಿರಬಹುದು. ಅದೇ ಚುಕ್ಕೆಯ ನೂರನೇ ಒಂದು ಪಾಲು ತುದಿಯಲ್ಲಿ ಬಿದ್ದರೂ ಆ ಜಾಗದ ಹರಿತ ಹೋದ ಹಾಗೆ. ಅಂದರೆ ಕಣ್ಣಿಗೆ ತುಕ್ಕು ಕಾಣುವ ಹೊತ್ತಿಗೆ ಅಲಗಿಗೆ ಆಗಬೇಕಾದ ಪೆಟ್ಟು ಆಗಿಹೋಗಿರುತ್ತದೆ.

ಮೊಂಡಾಗುವುದರ ಕಥೆ ಬೇರೆ

2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಶೇವ್ ಮಾಡುವಾಗ ಅಲಗಿಗೆ ಏನಾಗುತ್ತದೆ ಎಂದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಕೂದಲು ಸ್ಟೀಲಿಗಿಂತ ಸುಮಾರು 50 ಪಟ್ಟು ಮೆದು. ಹಾಗಾದರೆ ಕೂದಲು ಕತ್ತರಿಸಿದ ಬ್ಲೇಡು ಹಾಳಾಗುವುದು ಹೇಗೆ? ಅಲಗು ನಿಧಾನವಾಗಿ ಸವೆದು ದುಂಡಗಾಗುತ್ತದೆ ಅಂತಲೇ ಬಹಳ ಜನ ಅಂದುಕೊಂಡಿದ್ದರು. ಸಂಶೋಧಕರಿಗೆ ಕಂಡದ್ದು ಬೇರೆ. ಕೂದಲು ಬಾಗಿದಾಗ ಅಲಗಿನ ಮೇಲೆ ಓರೆಯಾಗಿ ಒತ್ತಡ ಬೀಳುತ್ತದೆ. ಸ್ಟೀಲಿನ ಒಳರಚನೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಗಟ್ಟಿ ಜಾಗ ಮತ್ತು ಮೆದು ಜಾಗ ಕೂಡುವಲ್ಲಿ ಆ ಒತ್ತಡಕ್ಕೆ ತುದಿ ಚೂರಾಗಿ ಕಿತ್ತುಬರುತ್ತದೆ.

ಹೀಗೆ ಕಿತ್ತುಹೋದ ಚೂರನ್ನು ಯಾವ ಸ್ಟ್ಯಾಂಡೂ, ಯಾವ ಎಣ್ಣೆಯೂ ವಾಪಸ್ ತರುವುದಿಲ್ಲ. ಅದನ್ನು ತಡವಾಗಿಸುವ ದಾರಿ ಇರುವುದು ಶೇವ್ ಮಾಡುವ ರೀತಿಯಲ್ಲಿ. ಬಿಸಿ ನೀರಿನಲ್ಲಿ ಎರಡು ಮೂರು ನಿಮಿಷ ನೆನೆದ ಗಡ್ಡ ಮೆತ್ತಗಾಗುತ್ತದೆ, ಕತ್ತರಿಸಲು ಕಡಿಮೆ ಬಲ ಸಾಕು. ಸ್ನಾನ ಮುಗಿಸಿ ಶೇವ್ ಮಾಡುವುದು ಮುಖಕ್ಕೂ ಹಿತ, ಬ್ಲೇಡಿಗೂ ಹಿತ. ಉದ್ದ ಬೆಳೆದ ಗಡ್ಡವನ್ನು ಮೊದಲು ಟ್ರಿಮ್ಮರಿನಿಂದ ಇಳಿಸಿ. ಒತ್ತಿ ಎಳೆಯಬೇಡಿ. ಒಣ ಗಡ್ಡದ ಮೇಲೆ ಅವಸರದಲ್ಲಿ ಎಳೆದ ಒಂದೇ ಶೇವು, ವಾರವಿಡೀ ನೀವು ಜೋಪಾನ ಮಾಡಿದ್ದನ್ನು ಕಳೆದುಬಿಡಬಲ್ಲದು.

ಇಡುವ ಜಾಗಗಳು: ಕೆಟ್ಟದ್ದರಿಂದ ಒಳ್ಳೆಯದರ ಕಡೆಗೆ

ಎಲ್ಲಕ್ಕಿಂತ ಕೆಟ್ಟದ್ದು ಬೇಸಿನ್ನಿನ ಅಂಚಿನ ಮೇಲೆ ಮಲಗಿಸಿ ಇಡುವುದು. ಕೆಳಗೆ ನೀರು, ಮೇಲೆ ಹಬೆ. ಅಂಚಿಗೆ ತಾಗಿಕೊಂಡ ಕಡೆ ಎಂದಿಗೂ ಒಣಗುವುದಿಲ್ಲ. ಷವರಿನ ಕೆಳಗಿನ ಗೂಡಿನಲ್ಲಿ ಇಡುವುದೂ ಅಷ್ಟೇ. ಅಲ್ಲಿ ಪ್ರತಿ ಸ್ನಾನಕ್ಕೂ ರೇಜರ್ ಹೊಸದಾಗಿ ನೆನೆಯುತ್ತದೆ. ಮನೆಯಲ್ಲಿ ನಾಲ್ಕು ಜನ ಸ್ನಾನ ಮಾಡಿದರೆ ನಾಲ್ಕು ಸಲ.

ಮಗ್ಗಿನಲ್ಲಿ ತಲೆ ಕೆಳಗಾಗಿ ನಿಲ್ಲಿಸುವುದು ಇದರ ತಮ್ಮ. ಬುಡದಲ್ಲಿ ಇಳಿದ ನೀರಿನಲ್ಲಿ ಅಲಗು ಕೂತಿರುತ್ತದೆ. ಟೂತ್‌ಬ್ರಷ್ಷುಗಳ ನಡುವೆ ತಲೆ ಮೇಲೆ ಮಾಡಿ ನಿಲ್ಲಿಸಿದರೆ ಅದಕ್ಕಿಂತ ಪರವಾಗಿಲ್ಲ. ಆದರೆ ಯಾರಾದರೂ ಬ್ರಷ್ ತೆಗೆಯುವಾಗ ಬೆರಳು ಕುಯ್ದುಕೊಳ್ಳುವ ಭಯ. ಅದೂ ಅಲ್ಲದೆ ಬಾಯಿಗೆ ಹಾಕುವ ಬ್ರಷ್ಷಿನ ಪಕ್ಕ ರೇಜರ್ ಇರಬಾರದು.

ಪ್ಲಾಸ್ಟಿಕ್ ಮುಚ್ಚಳದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಹೊಸ ರೇಜರಿನ ಜೊತೆ ಬರುವ ಆ ಮುಚ್ಚಳ ಇರುವುದು ಪ್ರಯಾಣದಲ್ಲಿ ಅಲಗಿಗೂ ಬೆರಳಿಗೂ ಪೆಟ್ಟಾಗದಿರಲಿ ಅಂತ. ಒದ್ದೆ ರೇಜರಿಗೆ ಹಾಕಿ ಮುಚ್ಚಿದರೆ ಒಳಗೆ ಹಬೆ ಕಟ್ಟಿಕೊಂಡು ಇಡೀ ದಿನ ಒದ್ದೆಯಾಗಿಯೇ ಇರುತ್ತದೆ. ಬಿಟ್ಟಿಟ್ಟಿದ್ದರೆ ಒಂದೆರಡು ಗಂಟೆಯಲ್ಲಿ ಒಣಗುತ್ತಿತ್ತು. ಊರಿಗೆ ಹೊರಡುವ ಆತುರದಲ್ಲಿ ಶೇವ್ ಮಾಡಿ ತಕ್ಷಣ ಚೀಲಕ್ಕೆ ಹಾಕುವುದಿದ್ದರೆ, ತೂತುಗಳಿರುವ ಮುಚ್ಚಳ ಹುಡುಕಿ. ಅಥವಾ ತಲುಪಿದ ಕೂಡಲೇ ತೆಗೆದು ಗಾಳಿಗಿಡಿ.

ಬಚ್ಚಲಲ್ಲೇ ಇಡುವುದಾದರೆ ಸ್ಟ್ಯಾಂಡು ಒಳ್ಳೆಯದು. ಅದರಲ್ಲಿ ಮುಖ್ಯ ಸಂಗತಿ ಒಂದೇ: ರೇಜರಿನ ತಲೆ ಯಾವುದಕ್ಕೂ ತಾಗದೆ ಗಾಳಿಯಲ್ಲಿ ಇರಬೇಕು. ತಲೆ ಮೇಲಿರಬೇಕಾ, ಕೆಳಗಿರಬೇಕಾ ಎಂಬ ಚರ್ಚೆ ಮುಗಿಯುವುದೇ ಇಲ್ಲ. ಮೇಲಿದ್ದರೆ ನೀರು ಹಿಡಿಯ ಕಡೆ ಇಳಿಯುತ್ತದೆ, ಸೇಫ್ಟಿ ರೇಜರಿನಲ್ಲಿ (ಬಿಡಿ ಬ್ಲೇಡು ಹಾಕಿ ತಿರುಪಿನಿಂದ ಬಿಗಿ ಮಾಡುವಂಥದ್ದು) ತಿರುಪಿನೊಳಗೂ ಹೋಗುತ್ತದೆ. ಕೆಳಗಿದ್ದರೆ ಹನಿ ನೇರ ನೆಲಕ್ಕೆ ಬೀಳುತ್ತದೆ, ಆದರೆ ಕಡೆಯ ಹನಿ ತಲೆಯ ಅಂಚಿನಲ್ಲೇ ನಿಲ್ಲಬಹುದು. ಶೇವ್ ಮುಗಿದ ಮೇಲೆ ರೇಜರನ್ನು ನಾಲ್ಕು ಸಲ ಜೋರಾಗಿ ಒದರಿದರೆ ಈ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯುವುದಿಲ್ಲ. ಒದರುವುದನ್ನು ಬಿಟ್ಟು ದುಬಾರಿ ಸ್ಟ್ಯಾಂಡು ಕೊಂಡರೆ ದುಡ್ಡು ದಂಡ. ಗೋಡೆಗೆ ಅಂಟುವ ರಬ್ಬರ್ ಹಿಡಿಕೆಯೂ ಇದೇ ಕೆಲಸ ಮಾಡುತ್ತದೆ. ಆದರೆ ಹಬೆಗೆ ಅದು ಸಡಿಲವಾಗಿ ರೇಜರ್ ಬಿದ್ದರೆ ಅಲಗಿನ ಗತಿ ಕೇಳುವುದೇ ಬೇಡ. ಕಾಲಿನ ಮೇಲೆ ಬೀಳಲೂಬಹುದು.

ಎಲ್ಲಕ್ಕಿಂತ ಒಳ್ಳೆಯದು, ರೇಜರನ್ನು ಬಚ್ಚಲಿನಿಂದ ಹೊರಗೆ ತರುವುದು. ಇದಕ್ಕೆ ಏನೂ ಖರ್ಚಿಲ್ಲ. ಗಾಳಿಯ ತೇವಾಂಶ ಸುಮಾರು ಶೇಕಡಾ 60 ದಾಟಿತು ಅಂದರೆ ಉಕ್ಕಿಗೆ ತುಕ್ಕು ಹಿಡಿಯುವ ವೇಗ ಜಾಸ್ತಿಯಾಗುತ್ತದೆ. ಬಿಸಿ ನೀರಿನ ಸ್ನಾನವಾದ ಬಚ್ಚಲಿನಲ್ಲಿ ಅದು ಆರಾಮವಾಗಿ ದಾಟಿರುತ್ತದೆ, ಕಿಟಕಿ ಇಲ್ಲದಿದ್ದರೆ ಗಂಟೆಗಟ್ಟಲೆ ಹಾಗೇ ಇರುತ್ತದೆ. ಮಲಗುವ ಕೋಣೆಯ ಕಪಾಟಿನ ಮೇಲೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ತಲೆ ಗಾಳಿಯಲ್ಲಿರುವ ಹಾಗೆ ಇಟ್ಟರೆ ಆಯಿತು. ಚರ್ಮವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಡರ್ಮಟಾಲಜಿ ಕೂಡ ಇದನ್ನೇ ಹೇಳುತ್ತದೆ: ರೇಜರ್ ಪೂರ್ತಿ ಒಣಗಲಿ, ಷವರಿನಲ್ಲಿ ಅಥವಾ ಒದ್ದೆ ಬೇಸಿನ್ನಿನ ಮೇಲೆ ಬಿಡಬೇಡಿ. ಹತ್ತು ಹೆಜ್ಜೆ ನಡೆಯಲು ಬೇಜಾರಿಲ್ಲದವರಿಗೆ ಮುಂದಿನ ಎಣ್ಣೆ, ಸ್ಪಿರಿಟ್ಟಿನ ತಲೆನೋವು ಬಹುತೇಕ ಬೇಕಾಗುವುದೇ ಇಲ್ಲ.

ಎಣ್ಣೆಯಾ, ಸ್ಪಿರಿಟ್ಟಾ, ಒಣ ಡಬ್ಬಿಯಾ?

ಎಣ್ಣೆಯ ತರ್ಕ ಸರಳ. ಅಲಗಿನ ಮೇಲೆ ತೆಳುವಾದ ಎಣ್ಣೆಯ ಪದರ ಇದ್ದರೆ ನೀರೂ ಗಾಳಿಯೂ ತಾಗುವುದಿಲ್ಲ. ಬೇಬಿ ಆಯಿಲ್ ಅಂತ ಸಿಗುವುದು ಹೆಚ್ಚಾಗಿ ಮಿನರಲ್ ಆಯಿಲ್. ಅದು ಕೆಡುವುದಿಲ್ಲ, ಅಂಟಾಗುವುದಿಲ್ಲ, ಚರ್ಮಕ್ಕೆ ತಾಗಿದರೂ ತೊಂದರೆಯಿಲ್ಲ. ಅಡುಗೆ ಎಣ್ಣೆ ಬೇಡ. ಸೂರ್ಯಕಾಂತಿ ಎಣ್ಣೆಯಂಥವು ಗಾಳಿಗೆ ಅಂಟಂಟಾಗಿ ಗಟ್ಟಿಯಾಗುತ್ತವೆ, ಆಮೇಲೆ ವಾಸನೆಯೂ ಹೊಡೆಯುತ್ತವೆ. ಕೊಬ್ಬರಿ ಎಣ್ಣೆ ಬೇಗ ಕೆಡುವುದಿಲ್ಲ ನಿಜ, ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟಿ ಕಾರ್ಟ್ರಿಡ್ಜಿನ ಸಂದಿಗಳಲ್ಲಿ ಕೂತುಬಿಡುತ್ತದೆ.

ಎಣ್ಣೆ ತುಂಬಿದ ಲೋಟದಲ್ಲಿ ರೇಜರಿನ ತಲೆ ಮುಳುಗಿಸಿ ಇಡುವ ರೂಢಿ ಕೆಲವರಲ್ಲಿದೆ. ಇದು ನನಗೆ ಒಪ್ಪಿಗೆಯಾಗುವುದಿಲ್ಲ. ನೀರು ಎಣ್ಣೆಗಿಂತ ಭಾರ. ಒದ್ದೆ ರೇಜರನ್ನು ಎಣ್ಣೆಗೆ ಇಳಿಸಿದರೆ ಅದರಿಂದ ಜಾರಿದ ನೀರು ಲೋಟದ ತಳದಲ್ಲಿ ಕೂರುತ್ತದೆ. ಅಲಗು ಇರುವುದೂ ಅಲ್ಲೇ ಅಲ್ವಾ? ಮೇಲೆ ಎಣ್ಣೆ ಇದೆ ಅಂತ ನಾವು ನಿಶ್ಚಿಂತೆಯಿಂದ ಇರುತ್ತೇವೆ, ಕೆಳಗೆ ಬ್ಲೇಡು ನೀರಿನಲ್ಲಿ ನಿಂತಿರುತ್ತದೆ. ಕೂದಲಿನ ಚೂರು, ಸೋಪಿನ ಗಸಿ ಎಲ್ಲ ಅದೇ ಎಣ್ಣೆಯಲ್ಲಿ ಸೇರಿಕೊಳ್ಳುತ್ತದೆ. ಎಣ್ಣೆ ಹಾಕಲೇಬೇಕಾದರೆ ರೇಜರ್ ಮೊದಲು ಪೂರ್ತಿ ಒಣಗಲಿ, ಆಮೇಲೆ ಒಂದೆರಡು ಹನಿ ಸಾಕು.

ದಿನಾ ಶೇವ್ ಮಾಡುವವರು ಸ್ಟೇನ್‌ಲೆಸ್ ಬ್ಲೇಡಿಗೆ ಎಣ್ಣೆ ಹಚ್ಚುವ ಅಗತ್ಯವೇ ಇಲ್ಲ. ಒದರಿ ಒಣಗಿಸಿದ ಅಲಗಿಗೆ 24 ಗಂಟೆಯಲ್ಲಿ ಅಂಥದ್ದೇನೂ ಆಗುವುದಿಲ್ಲ. ಎಣ್ಣೆಯ ನಿಜವಾದ ಉಪಯೋಗ ಎರಡು ಕಡೆ. ಒಂದು, ಕಾರ್ಬನ್ ಸ್ಟೀಲಿನ ಕ್ಷೌರದ ಕತ್ತಿ. ಇನ್ನೊಂದು, ವಾರಗಟ್ಟಲೆ ಮುಟ್ಟದೆ ಇಡುವ ರೇಜರ್.

ಸ್ಪಿರಿಟ್ ಕೆಲಸ ಮಾಡುವ ರೀತಿ ಬೇರೆ. ಅದು ಅಲಗಿನ ಮೇಲೆ ಉಳಿದು ಕಾಯುವುದಿಲ್ಲ. ನೀರಿನ ಜೊತೆ ಬೆರೆತು, ಸಂದಿಯೊಳಗಿನ ನೀರನ್ನು ಹೊರಗೆ ಎಳೆದುಕೊಂಡು, ಬೇಗ ಆರಿಹೋಗುತ್ತದೆ. ಕಾರ್ಟ್ರಿಡ್ಜಿನ ಕಿರಿದಾದ ಸಂದಿಗಳಿಗೆ ಇದು ಎಣ್ಣೆಗಿಂತ ಒಳ್ಳೆಯದು. ಇದಕ್ಕೆ ಬಳಸುವ ಸ್ಪಿರಿಟ್, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್, ಅಂಗಡಿಗಳಲ್ಲಿ ಸಾಮಾನ್ಯವಾಗಿ 70 ಪರ್ಸೆಂಟಿನದು ಸಿಗುತ್ತದೆ. ಅದರಲ್ಲಿ ಉಳಿದದ್ದು ನೀರು. ಒಣಗಿಸುವ ಉದ್ದೇಶಕ್ಕೆ 90 ಪರ್ಸೆಂಟಿಗಿಂತ ಮೇಲಿನದು ಹೆಚ್ಚು ಸೂಕ್ತ. ಅಲಗನ್ನು ನೀರಿನಲ್ಲಿ ಚೆನ್ನಾಗಿ ತೊಳೆದು ಒದರಿದ ಮೇಲೆ ಒಂದು ಸಲ ಅದ್ದಿ ತೆಗೆಯಿರಿ, ಅಷ್ಟೇ. ಸ್ಪಿರಿಟ್ಟಿನಲ್ಲೇ ಮುಳುಗಿಸಿ ಇಡಬೇಡಿ. ತೆರೆದ ಲೋಟದಲ್ಲಿ ಅದು ಆರುತ್ತಾ, ಗಾಳಿಯ ತೇವ ಹೀರುತ್ತಾ ದಿನೇದಿನೇ ನೀರಾಗುತ್ತದೆ. ರೇಜರ್ ಚರ್ಮದ ಮೇಲೆ ಜಾರಲೆಂದು ಕಾರ್ಟ್ರಿಡ್ಜಿನ ಮೇಲಿರುವ ಪಟ್ಟಿಯೂ ಬೇಗ ಹಾಳಾಗುತ್ತದೆ. ಗೀಸರ್ ಉರಿ, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು ಎನ್ನುವುದನ್ನಂತೂ ಮರೆಯಬೇಡಿ.

ಸ್ಪಿರಿಟ್ಟಿನಲ್ಲಿ ಅದ್ದಿದ್ದೇವೆ ಅಂತ ಒಂದೇ ರೇಜರನ್ನು ಇಬ್ಬರು ಬಳಸುವುದು ಬೇಡ. ಕಣ್ಣಿಗೆ ಕಾಣದ ರಕ್ತದ ಕಣದಿಂದಲೂ ಹೆಪಟೈಟಿಸ್ ಬಿ ಹರಡಬಹುದು. ಆ ವೈರಸ್ಸು ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು. ಗಂಡ ಹೆಂಡತಿಯಾದರೂ, ಅಣ್ಣ ತಮ್ಮನಾದರೂ ರೇಜರ್ ಬೇರೆ ಬೇರೆ ಇರಲಿ.

ಇನ್ನು ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿ. ಒಣಗಿದ ರೇಜರನ್ನು ಒಣಗಿದ ಹಾಗೇ ಇಡಲು ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಒದ್ದೆ ರೇಜರನ್ನು ಒಣಗಿಸಲು ಇದು ಬೇಡ. ಆ ಸಣ್ಣ ಪೊಟ್ಟಣ ಹೀರುವ ನೀರು ಅಷ್ಟರಲ್ಲೇ ಇದೆ, ತುಂಬಿದ ಮೇಲೆ ಅದು ಬರೀ ಹರಳು. ಹೊಸ ಬ್ಲೇಡುಗಳ ಪ್ಯಾಕೆಟ್ಟು, ಅಪರೂಪಕ್ಕೆ ತೆಗೆಯುವ ಕತ್ತಿ, ಮಳೆಗಾಲದ ತಿಂಗಳುಗಳು, ಇಂಥ ಕಡೆ ಉಪಯೋಗಿಸಿ. ಬಣ್ಣ ಬದಲಾಗುವ ಹರಳುಗಳು ಸಿಕ್ಕರೆ ಅನುಕೂಲ, ತುಂಬಿದ್ದು ನೋಡಿದರೇ ಗೊತ್ತಾಗುತ್ತದೆ. ಪೊಟ್ಟಣದಿಂದ ಹೊರಗೆ ತೆಗೆದ ಹರಳುಗಳನ್ನು ಸುಮಾರು 120 ಡಿಗ್ರಿ ಬಿಸಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು.

ಒರೆಸಬೇಕಾ, ಉಜ್ಜಬೇಕಾ?

ಬ್ಲೇಡನ್ನು ಪ್ರತಿಸಲ ಬಿಚ್ಚಿ, ಒರೆಸಿ, ಕಾಗದದಲ್ಲಿ ಸುತ್ತಿಡಬೇಕು ಎನ್ನುವುದು ಹಿರಿಯರ ಸಲಹೆ. ಅದು ಅವರ ಕಾಲಕ್ಕೆ ಸರಿಯೇ. ಕಿಂಗ್ ಜಿಲೆಟ್ ಅವರ ಬಿಸಾಡುವ ಬ್ಲೇಡು 1903ರಲ್ಲಿ ಮಾರಾಟಕ್ಕೆ ಬಂದಾಗ ಅದು ಕಾರ್ಬನ್ ಸ್ಟೀಲಿನದು. ಒದ್ದೆ ಬಿಟ್ಟರೆ ಮರುದಿನಕ್ಕೇ ಕೆಂಪಾಗುತ್ತಿತ್ತು. ವಿಲ್ಕಿನ್ಸನ್ ಸ್ವೋರ್ಡ್ ಕಂಪನಿಯ ಸ್ಟೇನ್‌ಲೆಸ್ ಬ್ಲೇಡುಗಳು 1960ರ ದಶಕದ ಆರಂಭದಲ್ಲಿ ಬಂದ ಮೇಲೆ ಉಳಿದ ಕಂಪನಿಗಳೂ ಆ ದಾರಿ ಹಿಡಿದವು. ಈಗಿನ ಬ್ಲೇಡಿನ ಅಲಗಿನ ಮೇಲೆ ನಾನ್‌ಸ್ಟಿಕ್ ತವಾಗೆ ಬಳಿಯುವ ಪಿಟಿಎಫ್‌ಇ ಎಂಬ ವಸ್ತುವಿನ ತೆಳು ಪದರ ಕೂಡ ಇರುತ್ತದೆ. ಟವೆಲಿನಿಂದ ಒರೆಸುವಾಗ ದಾರದ ಎಳೆ ಅಲಗಿಗೆ ಅಡ್ಡ ಸಿಕ್ಕರೆ ತುದಿಗೂ ಪೆಟ್ಟು, ಆ ಪದರಕ್ಕೂ ಪೆಟ್ಟು. ಬೆರಳು ಕುಯ್ಯುವ ಅಪಾಯ ಬೇರೆ. ಸ್ಟೇನ್‌ಲೆಸ್ ಬ್ಲೇಡನ್ನು ಒರೆಸಬೇಡಿ. ಒದರಿ, ಬೇಕಿದ್ದರೆ ಟವೆಲಿನ ಮೇಲೆ ಮೆಲ್ಲಗೆ ತಟ್ಟಿ. ಕಡೆಯ ಸಲ ತೊಳೆಯುವಾಗ ಬಿಸಿ ನೀರು ಬಳಸಿದರೆ ಲೋಹ ಬಿಸಿಯಾಗಿ ಹನಿಗಳು ಬೇಗ ಆರುತ್ತವೆ.

ಜೀನ್ಸ್ ಬಟ್ಟೆಯ ಮೇಲೆ ಕಾರ್ಟ್ರಿಡ್ಜನ್ನು ಹಿಮ್ಮುಖವಾಗಿ ಉಜ್ಜಿದರೆ ಹರಿತ ಮರಳುತ್ತದೆ ಎನ್ನುವವರು ಬಹಳ ಮಂದಿ. ಬಾಗಿದ ತುದಿಯನ್ನು ಅದು ಸ್ವಲ್ಪ ನೆಟ್ಟಗೆ ಮಾಡಬಹುದು, ಅಂಟಿದ ಗಸಿಯನ್ನೂ ತೆಗೆಯಬಹುದು. ಆದರೆ ಕಿತ್ತುಹೋದ ಚೂರು ತುಂಬುವುದಿಲ್ಲ. ದೊರಗು ಬಟ್ಟೆಗೆ ಮೇಲಿನ ಪದರ ಸವೆಯುವ ಸಾಧ್ಯತೆಯೂ ಇದೆ. ಬರೀ ಗಸಿ ತೆಗೆಯಬೇಕೆಂದರೆ ಬಿಸಿ ನೀರಿನ ಧಾರೆಯನ್ನು ಕಾರ್ಟ್ರಿಡ್ಜಿನ ಹಿಂಭಾಗದಿಂದ ಬಿಟ್ಟರೆ ಸಾಕು. ಚರ್ಮದ ಪಟ್ಟಿಯ ಮೇಲೆ ಎಳೆಯುವುದು ಕ್ಷೌರದ ಕತ್ತಿಗೆ ಹೇಳಿ ಮಾಡಿಸಿದ್ದು. ಅದನ್ನು ಐದು ಬ್ಲೇಡಿನ ಪ್ಲಾಸ್ಟಿಕ್ ತಲೆಗೆ ಅನ್ವಯಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಪಿರಮಿಡ್ ಆಕಾರದ ಡಬ್ಬಿಯೊಳಗೆ ಇಟ್ಟರೆ ಬ್ಲೇಡು ಹರಿತವಾಗಿ ಉಳಿಯುತ್ತದೆ ಎಂಬ ನಂಬಿಕೆಯೂ ಒಂದು ಕಾಲದಲ್ಲಿ ಜೋರಾಗಿತ್ತು. ಜೆಕೊಸ್ಲೊವಾಕಿಯಾದಲ್ಲಿ 1959ರಲ್ಲಿ ಇದಕ್ಕೊಂದು ಪೇಟೆಂಟೂ ಸಿಕ್ಕಿತ್ತು. ಒಣ ಡಬ್ಬಿ ಯಾವ ಆಕಾರದ್ದಾದರೂ ಒಣ ಡಬ್ಬಿಯೇ. ಆಕಾರಕ್ಕೆ ದುಡ್ಡು ಕೊಡಬೇಡಿ.

ನಿಮ್ಮ ರೇಜರಿಗೆ ಯಾವುದು?

ಯೂಸ್ ಅಂಡ್ ಥ್ರೋ ರೇಜರಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ತೊಳೆಯಿರಿ, ಒದರಿ, ಬಚ್ಚಲಿನ ಹೊರಗೆ ಇಡಿ. ಎಣ್ಣೆ, ಸ್ಪಿರಿಟ್ಟಿನ ಖರ್ಚು ಅದಕ್ಕೆ ದಂಡ.

ಕಾರ್ಟ್ರಿಡ್ಜಿನದಕ್ಕೆ ದುಡ್ಡು ಜಾಸ್ತಿ ಸುರಿದಿರುತ್ತೇವೆ, ಸಂದಿಗಳೂ ಜಾಸ್ತಿ. ಶೇವ್ ಮಧ್ಯೆ ಆಗಾಗ ತೊಳೆಯುತ್ತಿರಿ, ನೊರೆ ಒಳಗೇ ಒಣಗಿದರೆ ಆಮೇಲೆ ಬಿಡುವುದಿಲ್ಲ. ಬೇಸಿನ್ನಿನ ಅಂಚಿಗೆ ಟಕಟಕ ಬಡಿಯುವ ಅಭ್ಯಾಸ ಬಿಡಿ, ಬ್ಲೇಡು ಕೂತ ಜಾಗದಿಂದ ಅಲುಗುತ್ತದೆ. ತೊಳೆದು ಒದರಿ ಹೊರಗಿನ ಸ್ಟ್ಯಾಂಡಿನಲ್ಲಿ ಇಡಿ. ಬಚ್ಚಲು ಬಿಟ್ಟು ಬೇರೆ ಜಾಗವೇ ಇಲ್ಲ ಎನ್ನುವವರಿಗೆ ಮಾತ್ರ ಸ್ಪಿರಿಟ್ಟಿನಲ್ಲಿ ಒಮ್ಮೆ ಅದ್ದಿ ತೆಗೆಯುವುದು ಒಳ್ಳೆಯ ದಾರಿ.

ಸೇಫ್ಟಿ ರೇಜರಿನಲ್ಲಿ ಬ್ಲೇಡು ಅಗ್ಗ, ರೇಜರ್ ದುಬಾರಿ. ಜೋಪಾನ ಮಾಡಬೇಕಾದದ್ದು ರೇಜರನ್ನೇ. ಬ್ಲೇಡಿನ ದಪ್ಪ ಬರೀ 0.1 ಮಿಲಿಮೀಟರ್, ಅದು ಮೇಲಿನ ಕೆಳಗಿನ ತಟ್ಟೆಗಳ ನಡುವೆ ಬಿಗಿಯಾಗಿ ಕೂತಿರುತ್ತದೆ. ಶೇವ್ ಆದ ಮೇಲೆ ಹಿಡಿಯನ್ನು ಅರ್ಧ ಸುತ್ತು ಸಡಿಲ ಮಾಡಿ ತೊಳೆದು, ಸಡಿಲವಾಗಿಯೇ ಒಣಗಲು ಬಿಡಿ. ಒಳಗಿನ ನೀರಿಗೆ ಹೊರಗೆ ಬರಲು ದಾರಿಯಾಗುತ್ತದೆ. ಮುಂದಿನ ಸಲ ಶೇವ್ ಮಾಡುವ ಮೊದಲು ಬಿಗಿ ಮಾಡಿಕೊಳ್ಳಲು ಮರೆಯಬೇಡಿ, ಸಡಿಲ ಬ್ಲೇಡು ಮುಖ ಕುಯ್ಯುತ್ತದೆ. ಪೂರ್ತಿ ಬಿಚ್ಚುವುದು ಬ್ಲೇಡು ಬದಲಿಸುವಾಗ ಸಾಕು. ಆಗ ಹಳೇ ಟೂತ್‌ಬ್ರಷ್ಷಿಗೆ ಪಾತ್ರೆ ತೊಳೆಯುವ ಸೋಪು ಹಾಕಿ ತಿರುಪಿನ ಸುತ್ತ ಉಜ್ಜಿ. ನೀರಿನ ಬಿಳಿ ಕಲೆ ಹೋಗದಿದ್ದರೆ ನೀರು ಬೆರೆಸಿದ ವಿನೆಗರಿನಲ್ಲಿ ಕೆಲವು ನಿಮಿಷ ನೆನೆಸಿ, ಚೆನ್ನಾಗಿ ತೊಳೆಯಿರಿ.

ಹಿಡಿ, ತಲೆ ಯಾವ ಲೋಹದ್ದು ಎನ್ನುವುದೂ ಮುಖ್ಯ. ಬಹಳಷ್ಟು ಸೇಫ್ಟಿ ರೇಜರುಗಳ ತಲೆ ಝಮಾಕ್ ಎಂಬ ಸತುವಿನ ಮಿಶ್ರಲೋಹದ್ದು, ಮೇಲೆ ಕ್ರೋಮ್ ಲೇಪ. ಲೇಪ ಎಲ್ಲಾದರೂ ಎದ್ದರೆ ಒಳಗಿನ ಸತು ಕೊರೆಯುತ್ತಾ ಹೋಗುತ್ತದೆ. ಅಂಥದ್ದನ್ನು ವಿನೆಗರಿನಲ್ಲಿ ರಾತ್ರಿಯಿಡೀ ಬಿಡಬಾರದು. ಅಲ್ಯೂಮಿನಿಯಂ ಹಿಡಿ ಸೋಪಿನ ನೀರಿನಲ್ಲಿ ನೆನೆಯುತ್ತಾ ಕೂತರೆ ಬಣ್ಣಗೆಡುತ್ತದೆ. ಹಿತ್ತಾಳೆ ಮತ್ತು ಸ್ಟೇನ್‌ಲೆಸ್ ಹಿಡಿಗಳು ಹೆಚ್ಚು ತಡೆದುಕೊಳ್ಳುತ್ತವೆ. ಬ್ಲೀಚಿಂಗ್ ಪುಡಿಯ ನೀರು ಮಾತ್ರ ಯಾವುದಕ್ಕೂ ಬೇಡ. ಸ್ಟೀಲಿನ ಕಾಯುವ ಪದರವನ್ನು ಒಡೆಯುವ ಕ್ಲೋರೈಡ್ ಅದರಲ್ಲಿ ಇದ್ದೇ ಇರುತ್ತದೆ.

ಕ್ಷೌರದ ಕತ್ತಿಗೆ ಮಾತ್ರ ಹಿರಿಯರ ಶಿಸ್ತು ಇವತ್ತಿಗೂ ಪೂರ್ತಿ ಬೇಕು. ಅದರ ಅಲಗು ಸಾಮಾನ್ಯವಾಗಿ ಕಾರ್ಬನ್ ಸ್ಟೀಲಿನದು. ಕಾಯುವ ಕ್ರೋಮಿಯಂ ಪದರ ಅದಕ್ಕಿಲ್ಲ. ಬಿಸಿ ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಿಂದ ಬೆನ್ನಿನ ಕಡೆಯಿಂದ ಅಲಗಿನ ಕಡೆಗೆ ಒರೆಸಿ, ಎಂದಿಗೂ ಅಲಗಿನ ಉದ್ದಕ್ಕೆ ಎಳೆಯಬೇಡಿ. ಹಿಡಿ ಮತ್ತು ಅಲಗು ಕೂಡುವ ಗುಬುಟದ ಹತ್ತಿರ ನೀರು ಸಿಕ್ಕಿಕೊಳ್ಳುತ್ತದೆ, ಅಲ್ಲಿಗೆ ಕಾಗದದ ತುದಿ ತೂರಿಸಿ ಹೀರಿಸಿ. ತಕ್ಷಣ ಮಡಚಬೇಡಿ. ಸ್ವಲ್ಪ ಹೊತ್ತು, ಯಾರಿಗೂ ತಗುಲದ ಜಾಗದಲ್ಲಿ, ತೆರೆದೇ ಇಟ್ಟು ಆಮೇಲೆ ಮಡಚಿ. ದಿನಾ ಬಳಸುವುದಿಲ್ಲ ಎಂದಾದರೆ ಮಿನರಲ್ ಆಯಿಲ್ ಅಥವಾ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿಯನ್ನು ಎರಡೂ ಬದಿಗೆ ತೆಳುವಾಗಿ ಸವರಿ. ಬಳಸುವ ಮೊದಲು ಅದನ್ನು ಒರೆಸಿ ತೆಗೆಯಿರಿ. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಡುವುದು ಚೆನ್ನಾಗಿ ಕಾಣುತ್ತದೆ, ಆದರೆ ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಸಿಲಿಕಾ ಜೆಲ್ ಇರುವ ಡಬ್ಬಿಯೇ ವಾಸಿ. ಬೆನ್ನಿನ ಮೇಲೆ ಬಂದ ತೆಳು ತುಕ್ಕನ್ನು ಮೆಟಲ್ ಪಾಲಿಶ್ ತೆಗೆಯುತ್ತದೆ. ಅಲಗಿನ ತುದಿಗೆ ಬಂದರೆ ಸಾಣೆ ಹಿಡಿಯಬೇಕು, ಗೊತ್ತಿದ್ದವರ ಕೈಗೆ ಕೊಡುವುದು ಕ್ಷೇಮ.

ಎಲೆಕ್ಟ್ರಿಕ್ ಶೇವರ್ ಮತ್ತು ಟ್ರಿಮ್ಮರ್ ವಿಷಯ ಚಿಕ್ಕದು. ನೀರಿನಲ್ಲಿ ತೊಳೆಯಬಹುದೇ ಅಂತ ಮೊದಲು ಕೈಪಿಡಿ ನೋಡಿ. ತೊಳೆಯುವಂಥದ್ದಾದರೆ ತಲೆ ಬಿಚ್ಚಿ ಒಣಗಿಸಿ, ಮುಚ್ಚಳ ಹಾಕಿ ಕೂರಿಸಬೇಡಿ. ಇಲ್ಲದಿದ್ದರೆ ಬ್ರಷ್ಷಿನಿಂದ ಕೂದಲು ಉದುರಿಸಿ. ಕೈಪಿಡಿ ಬೇಡ ಎನ್ನದಿದ್ದರೆ ಟ್ರಿಮ್ಮರಿನ ಹಲ್ಲುಗಳಿಗೆ ಆಗಾಗ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಹಾಕಿ.

ಹೊಸ ಬ್ಲೇಡುಗಳ ದಾಸ್ತಾನೂ ಬಚ್ಚಲಿನ ಗೂಡಿನಲ್ಲಿ ಬೇಡ. ಪ್ಯಾಕೆಟ್ ಒಡೆಯದೆ, ಒಣ ಜಾಗದಲ್ಲಿ ಇಟ್ಟರೆ ವರ್ಷಗಟ್ಟಲೆ ಇರುತ್ತವೆ.

ಎಷ್ಟು ದಿನ ಎಳೆಯಬಹುದು?

ಎಷ್ಟೇ ಜೋಪಾನ ಮಾಡಿದರೂ ಬ್ಲೇಡಿಗೆ ಆಯಸ್ಸು ಇದೆ. ಮೇಲೆ ಹೇಳಿದ ಚರ್ಮವೈದ್ಯರ ಸಂಘ 5ರಿಂದ 7 ಶೇವಿಗೆ ಬದಲಿಸಿ ಎನ್ನುತ್ತದೆ. ಮೆತ್ತನೆ ಗಡ್ಡದವರಿಗೆ ಜಾಸ್ತಿ ಬರಬಹುದು, ಒರಟು ಗಡ್ಡದವರಿಗೆ ಕಡಿಮೆ. ಲೆಕ್ಕಕ್ಕಿಂತ ಮುಖ ಹೇಳುವುದನ್ನು ನಂಬಿ. ಕೂದಲು ಕತ್ತರಿಸದೆ ಎಳೆದಂತೆ ಅನಿಸಿದರೆ, ಒಂದೇ ಜಾಗದಲ್ಲಿ ಮೂರು ಸಲ ಎಳೆಯಬೇಕಾಗಿ ಬಂದರೆ, ಶೇವ್ ಆದ ಮೇಲೆ ಉರಿ ಅಥವಾ ಕೆಂಪು ಗುಳ್ಳೆ ಕಂಡರೆ ಬ್ಲೇಡು ಮುಗಿದಿದೆ.

ಅಲಗಿನ ಮೇಲೆ ಕಂದು ಚುಕ್ಕೆ ಕಂಡ ಬ್ಲೇಡನ್ನು ಉಜ್ಜಿ ಉಳಿಸಲು ಹೋಗಬೇಡಿ. ತುಕ್ಕಿನಿಂದಲೇ ಧನುರ್ವಾಯು ಬರುತ್ತದೆ ಅಂತ ಹೆದರುವವರಿದ್ದಾರೆ. ಆ ಕಾಯಿಲೆ ತರುವುದು ಮಣ್ಣು, ಸಗಣಿಯಂಥ ಕಡೆ ಇರುವ ಒಂದು ಬ್ಯಾಕ್ಟೀರಿಯಾ. ಹಾಗಾಗಿ ಕಬ್ಬಿಣದ ಕೆಂಪು ಬಣ್ಣಕ್ಕೆ ಭಯ ಬೀಳಬೇಕಿಲ್ಲ. ಬಿಸಾಡಬೇಕಾದ ಕಾರಣ ಬೇರೆ: ಗುಳಿಬಿದ್ದ ಅಲಗು ಚರ್ಮವನ್ನು ಗೀರುತ್ತದೆ, ಗೀರಿದ ಚರ್ಮಕ್ಕೆ ಸೋಂಕು ಸುಲಭವಾಗಿ ತಗಲುತ್ತದೆ. ಧನುರ್ವಾಯುವಿನ ಚುಚ್ಚುಮದ್ದು ಹೇಗಿದ್ದರೂ ಸಮಯಕ್ಕೆ ಸರಿಯಾಗಿ ಆಗಿರಲಿ.

ಹಳೇ ಬ್ಲೇಡನ್ನು ಕಸದ ಚೀಲಕ್ಕೆ ಹಾಗೇ ಹಾಕಿದರೆ ಕಸ ಎತ್ತುವವರ ಕೈ ಕುಯ್ಯುತ್ತದೆ. ಮುಚ್ಚಳವಿರುವ ಒಂದು ತಗಡಿನ ಡಬ್ಬಿಗೆ ಸಣ್ಣ ಸೀಳು ಮಾಡಿ, ಅದರೊಳಗೆ ಹಾಕುತ್ತಾ ಹೋಗಿ. ತುಂಬಿದ ಮೇಲೆ ಸೀಳನ್ನು ಗಟ್ಟಿ ಟೇಪಿನಿಂದ ಮುಚ್ಚಿ, ಒಳಗೆ ಬ್ಲೇಡು ಇದೆ ಅಂತ ಮೇಲೆ ದಪ್ಪಕ್ಷರದಲ್ಲಿ ಬರೆದು, ಕಸ ಒಯ್ಯುವವರ ಕೈಗೇ ಹೇಳಿ ಕೊಡಿ.